ಸಂಜೆ 5ರಿಂದ 6.30: ಸೌಕಾರ್‌ಪೇಟೆ ದರ್ಶನ

ವಿಚಾರ ಸಂಕಿರಣದ ಆಹ್ವಾನಪತ್ರಿಕೆ ಕೈಗೆ ಬಂದರೆ ತಿಳಿದವರು ಓದುವುದು ಅದರ ಕೊನೆಯ ಪುಟವನ್ನು. ಮೊದಲ ಪುಟಗಳಲ್ಲಿ ಇರುವುದು ಎಲ್ಲರಿಗೂ ಗೊತ್ತಿದ್ದದ್ದೇ: ದೀಪ ಬೆಳಗಿಸುವವರು, ದಿಕ್ಸೂಚಿ ಭಾಷಣ ಮಾಡುವವರು, ಘನ ಉಪಸ್ಥಿತಿ ವಹಿಸುವವರು, ಘನ ಉಪಸ್ಥಿತಿ ವಹಿಸುತ್ತೇನೆಂದು ಒಪ್ಪಿಕೊಂಡು ಬಾರದೆ ಇರುವವರು. ಸಂಚಾಲಕರ ನಿಜವಾದ ಪ್ರತಿಭೆ ಅರಳುವುದು ಕೊನೆಯ ಪುಟದಲ್ಲಿ. ಊಟ ಎಷ್ಟು ಹೊತ್ತಿಗೆ, ಸಾಂಸ್ಕೃತಿಕ ಸಂಜೆಯಲ್ಲಿ ಯಾರ ಮಗಳ ಭರತನಾಟ್ಯ, ಸ್ಥಳ ವೀಕ್ಷಣೆಗೆ ಬಸ್ಸು ಎಲ್ಲಿಂದ ಹೊರಡುತ್ತದೆ, ಎಲ್ಲವೂ ಅಲ್ಲೇ.

ಚೆನ್ನೈಯಲ್ಲಿ ನಡೆದ ಮೂರು ದಿನಗಳ ಸಮ್ಮೇಳನವೊಂದರ ಕೊನೆಯ ಪುಟವನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಸಮ್ಮೇಳನದ ವಿಷಯ ಪಾರಂಪರಿಕ ನಗರಗಳ ಸಂರಕ್ಷಣೆ. ನಡೆದ ಜಾಗ, ಯಾವ ಪರಂಪರೆಯೂ ಹತ್ತಿರ ಸುಳಿಯದಂತೆ ನಗರದ ದಕ್ಷಿಣದ ಅಂಚಿನಲ್ಲಿ ಕಟ್ಟಿದ ಪಂಚತಾರಾ ಹೋಟೆಲು. ಎರಡನೆಯ ದಿನದ ಕೆಳಗೆ ಒಂದೇ ಸಾಲು: ‘ಸಂಜೆ 5ರಿಂದ 6.30: ಸೌಕಾರ್‌ಪೇಟೆ ದರ್ಶನ (ಪ್ರತ್ಯೇಕ ಶುಲ್ಕ)’. ಈ ಒಂದು ಸಾಲಿನ ಹಿಂದೆ ಇರುವ ದೂರದೃಷ್ಟಿ, ಲೆಕ್ಕಾಚಾರ ಮತ್ತು ಕರುಣೆಯನ್ನು ನಾಡಿನ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು ಲೆಕ್ಕಾಚಾರ. ಆ ಹೋಟೆಲಿನಿಂದ ಸೌಕಾರ್‌ಪೇಟೆಯ ಪಕ್ಕದ ಸೆಂಟ್ರಲ್ ಸ್ಟೇಷನ್ನಿಗೆ ಸಂಜೆಯ ಟ್ರಾಫಿಕ್ಕಿನಲ್ಲಿ ಹೋಗಲು ಒಂದು ಗಂಟೆ ಬೇಕು, ಬರಲು ಇನ್ನೊಂದು ಗಂಟೆ. ತೊಂಬತ್ತು ನಿಮಿಷದಲ್ಲಿ ನೂರಿಪ್ಪತ್ತು ಕಳೆದರೆ ಉಳಿಯುವುದು ಋಣ ಮೂವತ್ತು. ಅಂದರೆ ಪ್ರತಿನಿಧಿಗಳು ಬಸ್ಸು ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆಯೇ ಸೌಕಾರ್‌ಪೇಟೆಯನ್ನು ನೋಡಿ ಮುಗಿಸಿರಬೇಕು. ಸಾಮಾನ್ಯ ಬುದ್ಧಿಗೆ ಇದು ಅಸಾಧ್ಯವೆಂದು ತೋರೀತು. ಆದರೆ ಸಂಚಾಲಕರು ನೋಂದಣಿಯ ಚೀಲದಲ್ಲೇ ಒಂದು ಬಣ್ಣದ ಕರಪತ್ರ ಇಟ್ಟಿದ್ದರು. ಅದನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ, ಪ್ರಬಂಧ ಮಂಡನೆ ನಡೆಯುತ್ತಿರುವಾಗ, ಯಾರಿಗೂ ತೊಂದರೆಯಾಗದಂತೆ ಓದಿಕೊಳ್ಳಬಹುದಿತ್ತು. ಬಹಳ ಜನ ಓದಿಕೊಂಡರು ಕೂಡ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಗೆ ಮರಳು ತೀರದ ಒಂದು ತುಂಡು ಜಾಗ ಸಿಕ್ಕಂದಿನಿಂದ ಗುಜರಾತಿಗಳು, ಮಾರ್ವಾಡಿಗಳು, ತೆಲುಗು ಕೋಮಟಿಗಳು, ಚೆಟ್ಟಿಗಳು, ಆರ್ಮೇನಿಯನ್ನರು, ಹವಳದ ವ್ಯಾಪಾರಕ್ಕೆ ಬಂದ ಯಹೂದಿಗಳು ಎಲ್ಲರೂ ಸೇರಿ ಮುನ್ನೂರು ಚಿಲ್ಲರೆ ವರ್ಷ ವ್ಯರ್ಥ ಮಾಡಿ ಕಟ್ಟಿದ ಪೇಟೆಯನ್ನು ಋಣ ಮೂವತ್ತು ನಿಮಿಷಕ್ಕೆ ಇಳಿಸುವುದು ಸಣ್ಣ ಕೆಲಸವಲ್ಲ.

ಹಿಂದೆ ಇಂಥ ವ್ಯವಸ್ಥೆ ಇರಲಿಲ್ಲವಾದ್ದರಿಂದ ಏನೇನು ಅನಾಹುತ ಆಗಿದೆ ಎಂಬುದನ್ನು ಚರಿತ್ರೆಯೇ ಹೇಳುತ್ತದೆ. ನಮ್ಮ ಕಡೆಯಿಂದ ಮದರಾಸಿಗೆ ಹೋದ ಅತಿಗಣ್ಯ ಪ್ರತಿನಿಧಿ ಹೈದರ್ ಅಲಿ. 1767ರಲ್ಲಿ ಅವನ ಹುಡುಗ ಟಿಪ್ಪು ಕುದುರೆ ಸವಾರರನ್ನು ಕಟ್ಟಿಕೊಂಡು ಬಂದು, ಊರ ಹೊರಗಿದ್ದ ದೊರೆಗಳ ತೋಟದ ಬಂಗಲೆಗಳ ವೀಕ್ಷಣೆ ಮುಗಿಸಿ ಹೋಗಿದ್ದ. ಗೈಡು ಇರಲಿಲ್ಲ. 1769ರ ಮಾರ್ಚಿನಲ್ಲಿ ತಂದೆಯೇ ಬಂದ. ಸ್ವಾಗತ ಸಮಿತಿ ಇಲ್ಲ, ಬ್ಯಾಡ್ಜಿಲ್ಲ, ಚೀಲವಿಲ್ಲ, ಸಾಂಸ್ಕೃತಿಕ ಸಂಜೆ ಇಲ್ಲ. ಅತಿಥಿಗೆ ಮಾಡಲು ಬೇರೆ ಕೆಲಸವೇ ಇಲ್ಲದ್ದರಿಂದ ಅವನು ನೇರವಾಗಿ ವಿಷಯಕ್ಕೆ ಬಂದ. ಏಪ್ರಿಲಿನಲ್ಲಿ ಕಂಪನಿಯವರು ಸಂಧಿಪತ್ರಕ್ಕೆ ರುಜು ಹಾಕಬೇಕಾಯಿತು. ಒಂದು ಸಭೆಯ ನಿರ್ಣಯ ಸಭಿಕರು ಊರು ಬಿಡುವ ಮುಂಚೆಯೇ ತೀರ್ಮಾನವಾದ ಉದಾಹರಣೆ ಅದಾದ ಮೇಲೆ ನನಗೆ ಸಿಕ್ಕಿಲ್ಲ. ಆವತ್ತು ಒಂದು ಬಸ್ಸು, ಒಂದು ಪಾನಿಪೂರಿ ಕೌಂಟರು, ಒಂದು ಗುಂಪು ಫೋಟೊ ಇದ್ದಿದ್ದರೆ ಮೈಸೂರು ಯುದ್ಧದ ಗತಿಯೇ ಬೇರೆಯಾಗುತ್ತಿತ್ತು.

ಇಂಗ್ಲಿಷರು ಪಾಠ ಕಲಿತರು. 1887ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಮೂರನೆಯ ಅಧಿವೇಶನ ಬದ್ರುದ್ದೀನ್ ತ್ಯಾಬ್ಜಿಯವರ ಅಧ್ಯಕ್ಷತೆಯಲ್ಲಿ ಮದರಾಸಿನಲ್ಲಿ ಸೇರಿದಾಗ ಗವರ್ನರ್ ಲಾರ್ಡ್ ಕನ್ನೆಮಾರಾ ಪ್ರತಿನಿಧಿಗಳನ್ನು ಗವರ್ನಮೆಂಟ್ ಹೌಸಿಗೆ ಕರೆದು ಉಪಚರಿಸಿದ. ಆರುನೂರಕ್ಕೂ ಹೆಚ್ಚು ಜನ ಸರ್ಕಾರವನ್ನು ಟೀಕಿಸಲು ಬಂದವರು ಸರ್ಕಾರದ ಹುಲ್ಲುಹಾಸಿನ ಮೇಲೆ ನಿಂತರು. ಮರುವರ್ಷ ಅಲಹಾಬಾದಿನಲ್ಲಿ ಅದೇ ಕಾಂಗ್ರೆಸ್ಸಿಗೆ ಸಭೆ ನಡೆಸಲು ಜಾಗ ಸಿಗುವುದೇ ದುಸ್ತರವಾಯಿತು. ಉಪಚಾರದ ಮಹಿಮೆ ಒಂದು ವರ್ಷ ಬಾಳಿಕೆ ಬರುವಂಥದ್ದು ಎಂದು ತಿಳಿಯಬೇಕು. ನಾವು ಕನ್ನಡಿಗರು ಈ ವಿಷಯದಲ್ಲಿ ಸ್ವಲ್ಪ ಹಿಂದೆ. 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮದರಾಸಿನಲ್ಲಿ ನಡೆದಾಗ ಅಧ್ಯಕ್ಷರು ಟಿ.ಪಿ. ಕೈಲಾಸಂ. ಅಧ್ಯಕ್ಷರೇ ಪ್ರೇಕ್ಷಣೀಯ ಸ್ಥಳವಾಗಿರುವಾಗ ಬಸ್ಸು ಗೊತ್ತುಮಾಡುವ ಅಗತ್ಯ ಬಿದ್ದಿರಲಾರದು. ಈಗಿನ ಅಧ್ಯಕ್ಷರುಗಳ ಮಟ್ಟಿಗೆ ಬಸ್ಸು ಅನಿವಾರ್ಯ.

ಸರಿ, ಬಸ್ಸಿಗೆ ಬರೋಣ. ನಲವತ್ತು ಸೀಟಿನ ಹವಾನಿಯಂತ್ರಿತ ಬಸ್ಸು. ಅದರ ಮುಖ್ಯ ಗುಣವೇನೆಂದರೆ ಅದು ಸೌಕಾರ್‌ಪೇಟೆಯೊಳಗೆ ಹೋಗುವುದಿಲ್ಲ. ಮಿಂಟ್ ಸ್ಟ್ರೀಟಿನಲ್ಲಿ ಸಂಜೆ ಐದರ ಮೇಲೆ ಸೈಕಲ್ಲೇ ಇಳಿದು ತಳ್ಳಬೇಕು. ಗೋಡೌನ್ ಸ್ಟ್ರೀಟಿನಲ್ಲಿ ಬಟ್ಟೆಯ ಬೇಲು ಹೇರಿದ ಕೈಗಾಡಿಗಳು ಒಂದರ ಬೆನ್ನಿಗೆ ಒಂದು. ಗೋವಿಂದಪ್ಪ ನಾಯಕನ್ ಬೀದಿಯಲ್ಲಿ ಹಸು ಅಡ್ಡ ಮಲಗಿದರೆ ಅದು ಏಳುವ ತನಕ ಇಡೀ ರಸ್ತೆ ಕಾಯಬೇಕು. ಇಂಥ ಜಾಗಕ್ಕೆ ವಿದ್ವಾಂಸರನ್ನು ಕಾಲ್ನಡಿಗೆಯಲ್ಲಿ ಬಿಡುವುದುಂಟೆ? ಕೈಗಾಡಿಯವನು ‘ಓರಂ ಪೋ, ಓರಂ ಪೋ’ ಎಂದು ಕೂಗುವಾಗ ಪಕ್ಕಕ್ಕೆ ಸರಿಯಬೇಕೆಂಬುದು ಪಿಎಚ್.ಡಿ. ಮಾಡಿದವರಿಗೆ ತಕ್ಷಣ ಹೊಳೆಯುವುದಿಲ್ಲ. ಸಂಚಾಲಕರು ಇದನ್ನೆಲ್ಲ ಮುಂಗಂಡು ಒಳಗೆ ಹೋಗಲಾರದ ಬಸ್ಸನ್ನೇ ಆರಿಸಿದ್ದರು. ಚಿಕ್ಕ ವ್ಯಾನುಗಳು ಅಗ್ಗಕ್ಕೆ ಸಿಗುತ್ತಿದ್ದವು ಎಂದು ಖಜಾಂಚಿ ಹೇಳಿದ್ದರಂತೆ. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಾಗಿ ದರ್ಶನ ನಡೆದದ್ದು ವಾಲ್ ಟ್ಯಾಕ್ಸ್ ರಸ್ತೆಯಿಂದ. ಸೌಕಾರ್‌ಪೇಟೆಯ ಪಶ್ಚಿಮಕ್ಕೆ, ಸೆಂಟ್ರಲ್ ಸ್ಟೇಷನ್ನಿನ ಮಗ್ಗುಲಲ್ಲಿ ಹೋಗುವ ಈ ರಸ್ತೆಯ ಚರಿತ್ರೆಯನ್ನು ನಮ್ಮ ಗೈಡಮ್ಮ ಮೈಕಿನಲ್ಲಿ ಬಹಳ ಸೊಗಸಾಗಿ ವಿವರಿಸಿದರು. ಮೂರನೆಯ ಸಾಲಿನ ತನಕ ಕೇಳಿಸಿತು. 1758–59ರಲ್ಲಿ ಫ್ರೆಂಚರು ಮದರಾಸನ್ನು ಮುತ್ತಿದ್ದರು, ಅದರ ಬೆನ್ನಿಗೆ ಹೈದರನ ಕುದುರೆಗಳ ಧೂಳು. ಆಗ ಕಂಪನಿಯವರು ಬ್ಲ್ಯಾಕ್ ಟೌನಿನ, ಅಂದರೆ ಸೌಕಾರ್‌ಪೇಟೆಯೂ ಸೇರಿದ ಈಗಿನ ಜಾರ್ಜ್ ಟೌನಿನ, ಸುತ್ತ ಒಂದು ಗೋಡೆ ಕಟ್ಟಿಸಿದರು. ಪಾಲ್ ಬೆನ್‌ಫೀಲ್ಡ್ ಎಂಬವನು ಗುತ್ತಿಗೆದಾರ. ಒಳಗಿನ ಜನರ ರಕ್ಷಣೆಗೆ ಕಟ್ಟಿದ್ದು, ಆದ್ದರಿಂದ ಖರ್ಚನ್ನು ಒಳಗಿನ ಜನರೇ ತೆರಿಗೆಯಾಗಿ ಕೊಡಲಿ ಎಂದು ಕಂಪನಿಯ ಅಪೇಕ್ಷೆ. ಜನ ಒಪ್ಪಲಿಲ್ಲ, ತೆರಿಗೆ ವಸೂಲಾಗಲೇ ಇಲ್ಲ. ಗೋಡೆ ಬಹುಪಾಲು ಕಾಲಕ್ರಮದಲ್ಲಿ ಹೋಯಿತು. ಎಲಿಫೆಂಟ್ ಗೇಟ್ ಎಂಬ ಬಾಗಿಲು ಬರೀ ಬೀದಿಯ ಹೆಸರಾಗಿ ಉಳಿಯಿತು. ಎಂದೂ ವಸೂಲಾಗದ ತೆರಿಗೆಯ ಹೆಸರು ಮಾತ್ರ ರಸ್ತೆಗೆ ಗಟ್ಟಿಯಾಗಿ ಅಂಟಿಕೊಂಡಿತು.

ಇಲ್ಲಿ ನಮ್ಮ ಸಂಚಾಲಕರು ಕಂಪನಿ ಸರ್ಕಾರಕ್ಕಿಂತ ಎಷ್ಟು ಮುಂದುವರಿದಿದ್ದಾರೆ ಎಂಬುದನ್ನು ಗಮನಿಸಬೇಕು. ಕಂಪನಿಯವರು ಮೊದಲು ಗೋಡೆ ಕಟ್ಟಿ ಆಮೇಲೆ ಹಣ ಕೇಳಿದರು. ಅದು ವ್ಯವಹಾರಸ್ಥರ ಲಕ್ಷಣವಲ್ಲ. ನಮ್ಮವರು ಸೌಕಾರ್‌ಪೇಟೆ ದರ್ಶನದ ಶುಲ್ಕವನ್ನು ನೋಂದಣಿಯ ದಿನವೇ, ಆನ್‌ಲೈನಿನಲ್ಲಿ, ವಾಪಸು ಕೊಡಲಾಗುವುದಿಲ್ಲ ಎಂಬ ಷರತ್ತಿನೊಂದಿಗೆ ಪಡೆದಿದ್ದರು. ಗೋಡೆ ಕಟ್ಟಬೇಕೋ ಬೇಡವೋ ಎಂಬುದನ್ನು ಆಮೇಲೆ ನಿಧಾನವಾಗಿ ಯೋಚಿಸಿದರಾಯಿತು. ಲಂಡನ್ನಿನ ನಿರ್ದೇಶಕರಿಗೆ ಇಷ್ಟು ಹೊಳೆದಿದ್ದರೆ ಕಂಪನಿ ಇವತ್ತಿಗೂ ನಡೆಯುತ್ತಿತ್ತು.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು. ಗೈಡಮ್ಮ ಬಲಕ್ಕೆ ಕೈ ತೋರಿಸಿ, ಅಲ್ಲಿ ಆ ಕಟ್ಟಡಗಳ ಹಿಂದೆ ಮಿಂಟ್ ಸ್ಟ್ರೀಟು, ತಮಿಳಿನಲ್ಲಿ ತಂಗಸಾಲೈ, ಕಂಪನಿಯ ಟಂಕಸಾಲೆ ಇದ್ದದ್ದು ಅಲ್ಲೇ, ಅದರ ಜಾಗದಲ್ಲಿ ಆಮೇಲೆ ಸರ್ಕಾರಿ ಮುದ್ರಣಾಲಯ ಬಂತು ಎಂದರು. ಎಲ್ಲರೂ ಬಲಕ್ಕೆ ನೋಡಿದರು. ಅಲ್ಲಿ ಒಂದು ಲಾರಿ ಬುಕಿಂಗ್ ಆಫೀಸು ಕಾಣಿಸಿತು. ಕೆಲವರು ಅದರ ಫೋಟೊ ತೆಗೆದುಕೊಂಡರು. ಇನ್ನೂ ಆಚೆಗೆ, ದೇವರಾಜ ಮುದಲಿ ಬೀದಿಯ ಕನ್ನಡಿ ಅಂಗಡಿಗಳ ಹಿಂದೆ ಚೆನ್ನಕೇಶವ ಮತ್ತು ಚೆನ್ನಮಲ್ಲೀಶ್ವರರ ಜೋಡಿ ದೇವಸ್ಥಾನಗಳಿವೆ. ಮೊದಲು ಅವು ಈಗ ಹೈಕೋರ್ಟು ಇರುವ ಕಡೆ ಇದ್ದವು, 1757ರಲ್ಲಿ ಕೋಟೆಯ ಭದ್ರತೆಗೆಂದು ಕಂಪನಿಯವರು ಕೆಡವಿ, ಬದಲಿಗೆ ಇಲ್ಲಿ ಜಾಗ ಕೊಟ್ಟರು, ಮಣಲಿ ಮುತ್ತುಕೃಷ್ಣ ಮುದಲಿಯಾರರು ಮುಂದೆ ನಿಂತು ಕಟ್ಟಿಸಿದರು ಎಂದೂ ಹೇಳಿದರು. ನಮ್ಮ ಕಡೆಯ ಹಿರಿಯ ವಿದ್ವಾಂಸರೊಬ್ಬರು ಚೆನ್ನಕೇಶವನೆಂದ ಮೇಲೆ ನಾವು ಬೇಲೂರಿನಲ್ಲೇ ನೋಡಿದ್ದೇವೆ, ಇಳಿಯುವ ಅಗತ್ಯವಿಲ್ಲ ಎಂದು ತೀರ್ಪು ಕೊಟ್ಟರು. ಸಮಯ ಉಳಿಯಿತು. ತಂಬುಚೆಟ್ಟಿ ಬೀದಿಯ ಕಾಳಿಕಾಂಬಾಳ್ ಗುಡಿಗೆ 1677ರಲ್ಲಿ ಶಿವಾಜಿ ಬಂದು ಕೈಮುಗಿದು ಹೋದನೆಂಬ ನಂಬಿಕೆಯೂ ಇದೆ. ಶಿವಾಜಿಯೊಬ್ಬನೇ, ಕುದುರೆಯ ಮೇಲೆ, ಯಾವ ಸಮಿತಿಯ ಅನುಮತಿಯೂ ಇಲ್ಲದೆ ಹಾಗೆ ಹೋಗಿದ್ದು ಸರಿಯೇ ಎಂಬ ಚರ್ಚೆ ಹುಟ್ಟುವಷ್ಟರಲ್ಲಿ ಸಿಗ್ನಲ್ ಬಿಟ್ಟಿತು, ಬಸ್ಸು ತಿರುಗಿತು. ಬ್ಯಾಂಕ್ವೆಟ್ಟಿಗೆ ಮುಖ್ಯ ಅತಿಥಿಗಳು ಬೇಗ ಬರುತ್ತಾರೆಂದು ಫೋನು ಬಂದಿತ್ತಂತೆ.

ಇಳಿಯಲಿಲ್ಲವಲ್ಲ ಎಂದು ಯಾರಿಗೂ ಬೇಸರವಾಗಲಿಲ್ಲ. ಯಾಕೆಂದರೆ ‘ಶ್ರೀಯುತರು ಸೌಕಾರ್‌ಪೇಟೆಯ ಪಾರಂಪರಿಕ ನಡಿಗೆಯಲ್ಲಿ ಸಕ್ರಿಯವಾಗಿ ಭಾಗವಹಿಸಿದ್ದಾರೆ’ ಎಂಬ ಪ್ರಮಾಣಪತ್ರ ಮೊದಲ ದಿನದ ಚೀಲದಲ್ಲೇ, ಪೆನ್ನು ಮತ್ತು ನೀರಿನ ಬಾಟಲಿಯ ಜೊತೆ, ಬಂದಿತ್ತು. ಬಸ್ಸಿನಲ್ಲಿ ಹಾಜರಿ ಪಟ್ಟಿಯನ್ನೂ ಕಳಿಸಿದರು. ಸಹಿ ಹಾಕಿದೆವು, ಬಾರದವರ ಪರವಾಗಿ ಅವರ ಸ್ನೇಹಿತರು ಹಾಕಿದರು. ನಡೆಯದ ನಡಿಗೆಗೆ ಇಷ್ಟು ಅಚ್ಚುಕಟ್ಟಾದ ದಾಖಲೆ ಇಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನು ಕರುಣೆ. ಪ್ರತಿನಿಧಿಗಳು ಸೌಕಾರ್‌ಪೇಟೆಗೆ ಹೋಗಲಾಗದಿದ್ದರೇನು, ಸೌಕಾರ್‌ಪೇಟೆಯೇ ಪ್ರತಿನಿಧಿಗಳ ಬಳಿ ಬರಲಿ ಎಂದು ಅವತ್ತು ರಾತ್ರಿ ಹೋಟೆಲಿನ ಹುಲ್ಲುಹಾಸಿನ ಮೇಲೆ ‘ಸೌಕಾರ್‌ಪೇಟೆ ನೈಟ್’ ಏರ್ಪಾಡಾಗಿತ್ತು. ಇದೇ ಸಮ್ಮೇಳನದ ಮುಕುಟಮಣಿ. ಚಕ್ರ ಕಳಚಿ ಬಣ್ಣ ಬಳಿದ ಎರಡು ಕೈಗಾಡಿಗಳು. ಥರ್ಮೊಕೋಲಿನ ಒಂದು ಹಸು, ಮೂಲದಲ್ಲಿರುವಂತೆ ದಾರಿಗೆ ಅಡ್ಡವಾಗಿ ಅಲ್ಲ, ಫೋಟೊಗೆ ಅನುಕೂಲವಾಗಿ ಒಂದು ಬದಿಗೆ. ಮೇಲೆ ತೋರಣದಂತೆ ಬಿಟ್ಟ ಕರೆಂಟಿನ ವೈರುಗಳು, ಕರೆಂಟು ಇಲ್ಲದ್ದು. ರಾಜಸ್ಥಾನಿ ಪೇಟ ಸುತ್ತಿದ ಒಡಿಶಾದ ಹುಡುಗರು. ಪಾನಿಪೂರಿಗೆ ಮಿನರಲ್ ನೀರು, ಕೈಗೆ ಗ್ಲೌಸು, ಖಾರ ಬೇಕಾದವರಿಗೆ ಪ್ರತ್ಯೇಕ ಬಟ್ಟಲಲ್ಲಿ ಸಣ್ಣ ಚಮಚದೊಂದಿಗೆ ಖಾರ. ಒಂದು ಕಡೆ ‘ಸೇಟು’ ಎಂಬ ಫಲಕದ ಕೆಳಗೆ ಗಾದಿಯ ಮೇಲೆ ದಿಂಬಿಗೊರಗಿ ಕುಳಿತ ಒಬ್ಬ ನಟ. ಅವನ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳಲು ಕುಲಪತಿಗಳೂ ಸಾಲಿನಲ್ಲಿ ನಿಂತಿದ್ದರು.

ಅಸಲಿಯ ಜೊತೆ ಹೋಲಿಸಿ ನೋಡಿದರೆ ಈ ನಕಲು ಎಷ್ಟು ಮೇಲು ಎಂಬುದು ತಿಳಿಯುತ್ತದೆ. ಉದಾಹರಣೆಗೆ ಮುರುಕು ಸ್ಯಾಂಡ್‌ವಿಚ್ ಎಂಬ ಪದಾರ್ಥ. ಸೌಕಾರ್‌ಪೇಟೆಯಲ್ಲಿ ಅದನ್ನು ಮಾಡುವವನು ಅಂಗೈಯಗಲದ ಚಕ್ಕುಲಿಯೊಂದನ್ನು ಎಡಗೈಯಲ್ಲಿ ಹಿಡಿದು, ಹಸಿರು ಚಟ್ನಿಯನ್ನು ಚಮಚದ ಬೆನ್ನಿಂದ ಒಂದೇ ಸುತ್ತಿಗೆ ಸವರುತ್ತಾನೆ. ಮೇಲೆ ಸೌತೆಯ ಬಿಲ್ಲೆ, ಟೊಮೆಟೊ ಬಿಲ್ಲೆ. ಗಿರಾಕಿ ಜೈನನೋ ಅಲ್ಲವೋ ಎಂದು ಒಮ್ಮೆ ಮುಖ ನೋಡಿ ಬೇಯಿಸಿದ ಬೀಟ್‌ರೂಟು, ಈರುಳ್ಳಿ. ಮೇಲಿಂದ ಮಸಾಲೆಪುಡಿ, ಚೀಸು ತುರಿದು, ಇನ್ನೊಂದು ಚಕ್ಕುಲಿಯಿಂದ ಮುಚ್ಚಿ, ಮುರಿಯದಷ್ಟು ಮಾತ್ರ ಒತ್ತಿ ಕೈಗೆ ಕೊಡುತ್ತಾನೆ. ಅಲ್ಲಿಂದ ನಿಮಗೆ ಇರುವ ಅವಧಿ ಬಹಳ ಕಡಿಮೆ. ಚಟ್ನಿಯ ನೀರು ಚಕ್ಕುಲಿಗೆ ಇಳಿಯುವ ಮುಂಚೆ, ಅಂಗಿಯ ಮೇಲೆ ಬೀಳುವ ಮುಂಚೆ, ಹಿಂದಿನವನು ಭುಜ ತಟ್ಟುವ ಮುಂಚೆ, ನಿಂತ ಕಾಲಲ್ಲೇ ತಿಂದು ಮುಗಿಸಬೇಕು. ಸಂಶೋಧಕರಿಗೆ ಇಂಥ ಒತ್ತಡ ಸಲ್ಲದು. ಹೋಟೆಲಿನವರು ಅದೇ ಪದಾರ್ಥವನ್ನು ಮಧ್ಯಾಹ್ನ ಮೂರಕ್ಕೇ ಮಾಡಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಫ್ರಿಜ್ಜಿನಲ್ಲಿಟ್ಟು, ರಾತ್ರಿ ಒಂಬತ್ತಕ್ಕೆ ಬಡಿಸಿದರು. ಹಲ್ಲಿಗೆ ಸ್ವಲ್ಪವೂ ಶ್ರಮವಿಲ್ಲದೆ ಮೆತ್ತಗಾಗಿತ್ತು. ಹಿರಿಯ ಪ್ರಾಧ್ಯಾಪಕರು ಇಷ್ಟಪಟ್ಟರು.

ರಾತ್ರಿ ಒಂಬತ್ತಕ್ಕೆ ಯಾಕೆಂದರೆ ಬೇಗ ಬರುತ್ತೇವೆಂದು ಬಸ್ಸನ್ನು ವಾಪಸು ತಿರುಗಿಸಿದ ಮುಖ್ಯ ಅತಿಥಿಗಳು ಬಂದದ್ದು ಎಂಟೂಮುಕ್ಕಾಲಿಗೆ. ಅಷ್ಟು ಹೊತ್ತಿಗೆ ಅಸಲಿ ಸೌಕಾರ್‌ಪೇಟೆಯ ಎಷ್ಟೋ ಜೈನ ಮನೆಗಳಲ್ಲಿ, ಸೂರ್ಯಾಸ್ತಕ್ಕೆ ಮುಂಚೆ ಊಟವಾಗಬೇಕೆಂಬ ನಿಯಮದ ಪ್ರಕಾರ, ತಟ್ಟೆ ತೊಳೆದು ಮಗುಚಿಟ್ಟು ಎರಡು ಗಂಟೆಯ ಮೇಲಾಗಿರುತ್ತದೆ. ಅಂಥ ಆತುರಗಾರರ ನಡುವೆ ಮುಖ್ಯ ಅತಿಥಿಗಳನ್ನು ಇಟ್ಟುಕೊಂಡು ಸಮಾರಂಭ ಮಾಡಲು ಸಾಧ್ಯವೆ?

ಸಂಗಾತಿಗಳಿಗೆಂದು ಏರ್ಪಡಿಸಿದ್ದ ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅವರನ್ನು ಮಹಾಬಲಿಪುರಕ್ಕೆ ಕರೆದೊಯ್ದಿದ್ದರು. 2019ರ ಅಕ್ಟೋಬರಿನಲ್ಲಿ ಮೋದಿಯವರೂ ಚೀನಾದ ಷಿ ಜಿನ್‌ಪಿಂಗ್ ಅವರೂ ಕೃಷ್ಣನ ಬೆಣ್ಣೆಯುಂಡೆ ಎಂಬ ಬಂಡೆಯ ಮುಂದೆ ಕೈ ಕೈ ಹಿಡಿದು ಎತ್ತಿ ನಿಂತ ಮೇಲೆ ಅಲ್ಲಿ ಎಲ್ಲರೂ ಹಾಗೆಯೇ ನಿಲ್ಲುತ್ತಾರೆ. ನಿಂತರು, ಬಂದರು.

ಸೌಕಾರ್‌ಪೇಟೆಯವರಿಗೂ ಒಂದೆರಡು ಹಿತವಚನ ಹೇಳಬೇಕಾಗಿದೆ. ಮುನ್ನೂರು ವರ್ಷದಿಂದ ಹೊರಗಿನವರನ್ನು ಬರಮಾಡಿಕೊಳ್ಳುತ್ತಿರುವ ಜಾಗ ಅದು; ಆದರೆ ಬರಮಾಡಿಕೊಳ್ಳುವ ಕ್ರಮ ಅವರಿಗೆ ಇನ್ನೂ ತಿಳಿದಿಲ್ಲ. ಅಲ್ಲಿ ದಿನವೂ ಒಂದು ಸಮ್ಮೇಳನ ನಡೆಯುತ್ತದೆ. ಗೋಡೌನ್ ಸ್ಟ್ರೀಟಿಗೆ ಜವಳಿಯವರು, ಆಂಡರ್ಸನ್ ಸ್ಟ್ರೀಟಿಗೆ ಕಾಗದದವರು, ಮದುವೆಯ ಲಗ್ನಪತ್ರಿಕೆ ಮಾಡಿಸುವವರು, ನೈನಿಯಪ್ಪ ನಾಯಕನ್ ಬೀದಿಗೆ ಔಷಧಿ ರಾಸಾಯನಿಕದವರು ನಾಲ್ಕು ರಾಜ್ಯಗಳಿಂದ ಬಂದು ಸೇರುತ್ತಾರೆ. ತಮಿಳು, ತೆಲುಗು, ಹಿಂದಿ, ಗುಜರಾತಿ, ಮಾರ್ವಾಡಿ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಹಾಕಿ ಮಾತಾಡುತ್ತಾರೆ. ಅನುವಾದಕರಿಲ್ಲ, ಆದರೂ ಯಾರಿಗೂ ಅರ್ಥವಾಗಲಿಲ್ಲವೆಂಬ ದೂರಿಲ್ಲ. ಸ್ವಾಗತ ಭಾಷಣವಿಲ್ಲ. ಹಾರವಿಲ್ಲ. ಶಾಲು ಅಲ್ಲಿ ರಾಶಿರಾಶಿ ಇದೆ, ಆದರೆ ಹೊದಿಸುವುದಿಲ್ಲ, ಮಾರುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಅಡ್ಡ ಬಾಯಿ ಹಾಕುತ್ತಾರೆ, ಮತ್ತು ಆ ಅಡ್ಡ ಬಾಯಿಯಿಂದ ರೇಟು ಇಳಿಯುತ್ತದೆ. ಕೊನೆಯಲ್ಲಿ ವಂದನಾರ್ಪಣೆಯೂ ಇಲ್ಲದೆ ಮಾಲು ಲಾರಿಗೆ ಏರಿ ಊರು ಸೇರುತ್ತದೆ. ನಡಾವಳಿ ಪುಸ್ತಕ ಇಲ್ಲ, ಐಎಸ್‌ಬಿಎನ್ ಸಂಖ್ಯೆ ಇಲ್ಲ. ಹೀಗಿರುವಾಗ ಅದನ್ನು ಸಮ್ಮೇಳನವೆಂದು ಯಾವ ವಿಶ್ವವಿದ್ಯಾಲಯ ಒಪ್ಪೀತು?

ಹಿಂದೆಯೂ ಅವರ ರೀತಿ ಇದೇ. ಉಡುಪಿ ಕಡೆಯ ಕಡಂದಲೆಯಿಂದ ಕೃಷ್ಣರಾವ್ ಎಂಬ ಹುಡುಗ ಮದರಾಸಿಗೆ ಬಂದಾಗ ಅವನಿಗೆ ಯಾರೂ ಚೀಲ, ಬ್ಯಾಡ್ಜು ಕೊಡಲಿಲ್ಲ. ಜಾರ್ಜ್ ಟೌನಿನ ಅಚ್ಚಾರಪ್ಪನ್ ಬೀದಿಯ ಹೋಟೆಲಿನಲ್ಲಿ ಬೆವರು ಸುರಿಸಿ ಕೆಲಸ ಕಲಿಯಲು ಬಿಟ್ಟರು. ಪರಿಣಾಮ ಏನಾಯಿತು? 1938ರಲ್ಲಿ ಆ ಮನುಷ್ಯ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದು, ಆಮೇಲೆ ಇಡೀ ಊರಿಗೇ ದೋಸೆ ತಿನ್ನಿಸಿದರು. ಅವರಿಗೆ ಆವತ್ತೇ ಒಂದು ಪ್ರಮಾಣಪತ್ರ ಕೊಟ್ಟು, ಬಸ್ಸಿನಲ್ಲಿ ಒಂದು ಸುತ್ತು ಹಾಕಿಸಿ ವಾಪಸು ಕಳಿಸಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು.

ಇಷ್ಟು ಪರಿಪೂರ್ಣ ವ್ಯವಸ್ಥೆಗೂ ಒಂದು ಕಪ್ಪುಚುಕ್ಕೆ ತಗುಲಿತು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಧಾರವಾಡದ ಕಡೆಯ ಮೇಷ್ಟ್ರೊಬ್ಬರು ಎರಡನೆಯ ದಿನ ಮಧ್ಯಾಹ್ನ, ‘ಪಾರಂಪರಿಕ ಮಾರುಕಟ್ಟೆಗಳು: ಒಂದು ಸೈದ್ಧಾಂತಿಕ ಚೌಕಟ್ಟು’ ಎಂಬ ಗೋಷ್ಠಿಯ ನಡುವೆ ಎದ್ದು ಹೊರಟರು. ಬಾಗಿಲಲ್ಲಿ ನಿಂತಿದ್ದ ಸಂಚಾಲಕರು, ‘ಸರ್, ಐದಕ್ಕೆ ಬಸ್ಸಿದೆ, ಎಲ್ಲರೂ ಒಟ್ಟಿಗೆ ಹೋಗೋಣ. ನೀವೊಬ್ಬರೇ ಹೋದರೆ ದಾರಿ ತಪ್ಪುತ್ತೀರಿ’ ಎಂದು ವಿನಯವಾಗಿಯೇ ತಡೆದರು.

‘ತಪ್ಪಲಿ ಬಿಡ್ರಿ ಸರ್,’ ಅಂದರಂತೆ ಮೇಷ್ಟ್ರು. ‘ಪ್ಯಾಟಿಗೆ ಹೋಗಿ ದಾರಿ ತಪ್ಪಲಿಲ್ಲಂದ್ರ ಪ್ಯಾಟಿಗೆ ಹೋದಂಗಾಗ್ತದೇನ್ರಿ?’

ಮೆಟ್ರೊ ಹತ್ತಿದರು, ಸೆಂಟ್ರಲ್‌ನಲ್ಲಿ ಇಳಿದರು, ಎಲಿಫೆಂಟ್ ಗೇಟಿನ ಕಡೆಗೆ ನಡೆದೇ ಬಿಟ್ಟರು. ಮಿಂಟ್ ಸ್ಟ್ರೀಟಿನ ಕಾಕಡ ರಾಮ್‌ಪ್ರಸಾದ್ ಅಂಗಡಿಯ ಮುಂದೆ ನಿಂತು ಬಾಣಲೆಯಿಂದ ಆಗಷ್ಟೇ ತೆಗೆದ ಜಿಲೇಬಿ ತಿಂದರು. ಗೋಡೌನ್ ಸ್ಟ್ರೀಟಿನಲ್ಲಿ ಒಂದು ಅಂಗಡಿಗೆ ಹೊಕ್ಕು ಒಂದು ಅಂಗಿಯ ಬಟ್ಟೆ ಕೇಳಿದರು. ಇದು ಹೋಲ್‌ಸೇಲು, ಥಾನು ಥಾನೇ ಕೊಳ್ಳಬೇಕು ಎಂದ ಅಂಗಡಿಯವರು, ಊರು ಯಾವುದೆಂದು ಕೇಳಿದ್ದಾ ತಡ ಸ್ಟೂಲು ಎಳೆದರು. ‘ಕೂಡ್ರಿ ಸರ್, ಹುಬ್ಬಳ್ಳ್ಯಾಗ ನಮ್ಮ ಭಾವನ ಅಂಗಡಿ ಅದ’ ಎಂದು ಮಾರ್ವಾಡಿ ಎಳೆತದ ಹುಬ್ಬಳ್ಳಿ ಕನ್ನಡದಲ್ಲಿ ಶುರುಮಾಡಿ, ಚಹಾ ತರಿಸಿ, ಅರ್ಧ ಗಂಟೆ ಕೂರಿಸಿಕೊಂಡು, ಯಾವ ಕಾಲದಲ್ಲಿ ಯಾವ ಬಟ್ಟೆ ಯಾವ ಊರಿಗೆ ಹೋಗುತ್ತದೆ, ಉದ್ರಿ ಎಷ್ಟು ದಿನ, ಲಾರಿ ಬಾಡಿಗೆ ಎಷ್ಟು, ಮಗನಿಗೆ ಈ ವ್ಯಾಪಾರ ಯಾಕೆ ಬೇಡವಾಗಿದೆ ಎಲ್ಲ ಹೇಳಿದರು. ಮೇಷ್ಟ್ರು ಒಂದು ಅಂಗಿಯ ಬಟ್ಟೆಯನ್ನೂ ಕತ್ತರಿಸಿಕೊಂಡೇ ಎದ್ದರು. ಆಮೇಲೆ ದಾರಿ ತಪ್ಪಿದರು. ಕನ್ನಡಿ ಅಂಗಡಿಗಳ ಸಾಲಿನಲ್ಲಿ ಹತ್ತು ಕಡೆ ತಮ್ಮ ಮುಖವನ್ನೇ ನೋಡಿಕೊಂಡು ಹೋಗುತ್ತ ಚೆನ್ನಕೇಶವನ ಬಾಗಿಲಿಗೆ ಬಂದರು. ಇತ್ತ ಗುಂಪು ಫೋಟೊದಲ್ಲಿ ಅವರ ಕುರ್ಚಿ ಖಾಲಿ.

ಇಷ್ಟಕ್ಕೆ ಬಿಟ್ಟಿದ್ದರೆ ಕ್ಷಮಿಸಬಹುದಿತ್ತು. ಸಮ್ಮೇಳನ ಮುಗಿದ ಮೇಲೆ ಅವರು ಮೆಟ್ರೊ ಟಿಕೇಟು ಮತ್ತು ಆಟೊದ ಖರ್ಚನ್ನು ‘ಪಾರಂಪರಿಕ ನಗರ ವೀಕ್ಷಣೆ’ ಎಂಬ ಬಾಬ್ತಿನಲ್ಲಿ ಬರೆದು ಬಿಲ್ಲು ಸಲ್ಲಿಸಿದರು. ಪುರಾವೆಯಾಗಿ ಬಟ್ಟೆಯಂಗಡಿಯ ಚೀಟಿ, ಅದರ ಬೆನ್ನಿಗೆ ಸೇಟು ಪೆನ್ಸಿಲಿನಲ್ಲಿ ಬರೆದುಕೊಟ್ಟ ಹುಬ್ಬಳ್ಳಿ ಭಾವನ ವಿಳಾಸ. ಸಂಚಾಲಕರು ದೊಡ್ಡ ಮನಸ್ಸಿನವರು, ತಾವೇ ಶಿಫಾರಸು ಮಾಡಿ ಕಳಿಸಿದರು. ಲೆಕ್ಕಪತ್ರ ವಿಭಾಗದವರು ಕಡತವನ್ನು ಕೂಲಂಕಷವಾಗಿ ಪರಿಶೀಲಿಸಿದರು. ಎರಡನೆಯ ದಿನ ಸಂಜೆಯ ಬಸ್ಸಿನ ಹಾಜರಿ ಪಟ್ಟಿಯಲ್ಲಿ ಕ್ರಮಸಂಖ್ಯೆ 23ರ ಎದುರು ಮೇಷ್ಟ್ರ ಸಹಿ ಸ್ಪಷ್ಟವಾಗಿದ್ದು, ಸದರಿಯವರು ಸೌಕಾರ್‌ಪೇಟೆಯನ್ನು ಈಗಾಗಲೇ ಸಮಿತಿಯ ವೆಚ್ಚದಲ್ಲಿ ನೋಡಿರುತ್ತಾರೆ. ಒಂದೇ ಸ್ಥಳವನ್ನು ಎರಡು ಸಲ ನೋಡಿದ್ದಕ್ಕೆ ಭತ್ಯೆ ಕೊಡಲು ನಿಯಮಗಳಲ್ಲಿ ಅವಕಾಶವಿಲ್ಲವೆಂದು ಷರಾ ಬರೆದು ಬಿಲ್ಲನ್ನು ವಾಪಸು ಕಳಿಸಿದರು.